ಕುರಿಗಾಹಿಯ ಒಂದು ಮಾತು: ದುರಂತ ನಾಟಕದ ಆಶಯವನ್ನು ಕುರಿತು ಒಂದು ಪ್ಯಾರಾ ಬರೆಯುವ ಬಗೆ

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಪ್ರಾಚೀನ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ‘ದೊರೆ ಈಡಿಪಸ್’ ನಾಟಕದ ಆಶಯವನ್ನು ಒಂದೇ ಪ್ಯಾರಾದಲ್ಲಿ ವಿಶ್ಲೇಷಿಸಿ ಬರೆಯಬೇಕಿತ್ತು. ನಾನು ಬರೆದದ್ದು ಹೀಗಿದೆ: “ಸೊಫೋಕ್ಲಿಸ್ ಬರೆದ ‘ದೊರೆ ಈಡಿಪಸ್’ ಜಗತ್ಪ್ರಸಿದ್ಧ ದುರಂತ ನಾಟಕ. ಇದರ ಮುಖ್ಯ ಆಶಯ ವಿಧಿ. ಈಡಿಪಸ್ ತನಗೆ ಅರಿವಿಲ್ಲದೆಯೇ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ. ಕುರಿಗಾಹಿ ಮಗುವನ್ನು ಕೊಲ್ಲದೆ ಬಿಟ್ಟಿದ್ದರಿಂದಲೇ ಇಷ್ಟೆಲ್ಲ ಆಯಿತು. ಕೊನೆಗೆ ಸತ್ಯ ತಿಳಿದ ಈಡಿಪಸ್ ತನ್ನ ಕಣ್ಣುಗಳನ್ನು ತಾನೇ ಚುಚ್ಚಿಕೊಳ್ಳುತ್ತಾನೆ. ಹೀಗೆ ವಿಧಿಯಿಂದ ಯಾರೂ ತಪ್ಪಿಸಿಕೊಳ್ಳಲಾರರು ಎಂದು ನಾಟಕ ಸಾರುತ್ತದೆ.” ಅಧ್ಯಾಪಕರು ಪಕ್ಕದಲ್ಲಿ ‘ಇದು ಕಥೆ, ವಿಶ್ಲೇಷಣೆ ಎಲ್ಲಿ?’ ಎಂದಷ್ಟೇ ಬರೆದು ಹಿಂದಿರುಗಿಸಿದ್ದಾರೆ. ನಾನು ಬರೆದದ್ದರಲ್ಲಿ ತಪ್ಪೇನಿದೆ? ವಿಶ್ಲೇಷಣೆ ಎಂದರೆ ಇನ್ನೇನನ್ನು ಬರೆಯಬೇಕು?

ಉತ್ತರ: ನಿಮ್ಮ ಪ್ಯಾರಾದಲ್ಲಿ ತಪ್ಪು ಎಂದು ಗುರುತು ಹಾಕಬಹುದಾದ ವಾಕ್ಯ ಒಂದೂ ಇಲ್ಲ, ತೊಂದರೆ ಇರುವುದೂ ಅಲ್ಲಿಯೇ. ನಾಟಕ ಪ್ರಸಿದ್ಧವಲ್ಲವೆಂದು ಯಾರೂ ವಾದಕ್ಕೆ ನಿಲ್ಲುವುದಿಲ್ಲ, ಈಡಿಪಸ್ ತಂದೆಯನ್ನು ಕೊಲ್ಲಲಿಲ್ಲವೆಂದು ಯಾರೂ ಹೇಳುವುದಿಲ್ಲ. ಯಾರೂ ಅಲ್ಲಗಳೆಯದ ಮಾತಿಗೆ ಆಧಾರ ಒದಗಿಸುವ ಅಗತ್ಯ ಬೀಳುವುದಿಲ್ಲ, ಆಧಾರವೇ ಬೇಡವಾದ ಮೇಲೆ ಅದನ್ನು ಬಿಡಿಸಿ ನೋಡುವ ಕೆಲಸವೂ ಉಳಿಯುವುದಿಲ್ಲ. ನಿಮ್ಮ ಅಧ್ಯಾಪಕರು ಕೇಳುತ್ತಿರುವುದು ಆ ಬಿಡಿಸಿ ನೋಡುವ ಕೆಲಸವನ್ನು. ನಿಮ್ಮ ಕೊನೆಯ ವಾಕ್ಯದಲ್ಲಿ ಒಂದು ಅಭಿಪ್ರಾಯ ಇದೆ, ನಿಜ. ಆದರೆ ಆ ವಾಕ್ಯದಿಂದ ಈ ನಾಟಕದ ನೆನಪನ್ನು ತೆಗೆದು, ವಿಧಿಯ ಪ್ರಸ್ತಾಪವಿರುವ ಬೇರೆ ಯಾವುದೇ ಕೃತಿಯನ್ನು ಅಲ್ಲಿ ಇಟ್ಟರೂ ವಾಕ್ಯಕ್ಕೆ ಏನೂ ಆಗುವುದಿಲ್ಲ. ನಾಟಕವನ್ನು ಓದದೆ, ಅದರ ಕಥೆಯನ್ನು ಯಾರಿಂದಲೋ ಕೇಳಿ ತಿಳಿದವರೂ ಅದನ್ನು ಬರೆಯಬಲ್ಲರು. ಇದಕ್ಕೆ ಒಂದು ಅಪವಾದವಿದೆ, ಅದು ನಿಮ್ಮ ನಾಲ್ಕನೆಯ ವಾಕ್ಯ. ಅದನ್ನು ನೀವು ಬಹುಶಃ ಕಥೆಯ ಓಟದಲ್ಲಿ ಬರೆದುಬಿಟ್ಟಿದ್ದೀರಿ, ಆದರೆ ನಿಮ್ಮ ಪ್ಯಾರಾದಲ್ಲಿ ಜೀವ ಇರುವುದು ಅಲ್ಲಿ ಮಾತ್ರ. ಅಲ್ಲಿಗೆ ಬರುತ್ತೇನೆ.

ಮೊದಲು ಪದಗಳ ವಿಷಯ. ಕನ್ನಡದಲ್ಲಿ ನಾವು ‘ವಸ್ತು’ ಎಂಬ ಒಂದೇ ಪದವನ್ನು ಕಥೆಗೂ, ಕಥೆಯ ವಿಷಯಕ್ಕೂ, ಕೃತಿ ಆ ವಿಷಯದ ಬಗ್ಗೆ ಹೇಳುವ ಮಾತಿಗೂ ಬಳಸಿಬಿಡುತ್ತೇವೆ. ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ. ಥೀಬ್ಸ್ ನಗರಕ್ಕೆ ಪಿಡುಗು ಬಂದು, ಹಿಂದಿನ ದೊರೆ ಲಾಯಸ್‌ನ ಕೊಲೆಗಾರನನ್ನು ಹುಡುಕಲು ಹೊರಟ ಈಡಿಪಸ್ ತಾನೇ ಆ ಕೊಲೆಗಾರ ಎಂದು ಕಂಡುಕೊಳ್ಳುವುದು ಕಥಾವಸ್ತು. ವಿಧಿ, ಅರಿವು, ಅಧಿಕಾರ, ಕುರುಡುತನ ಇವು ವಿಷಯಗಳು. ಇಂಥ ಒಂದು ವಿಷಯದ ಬಗ್ಗೆ ಈ ನಾಟಕ ತನ್ನ ರಚನೆಯಿಂದಲೂ ಮಾತುಗಳಿಂದಲೂ ಏನನ್ನು ಹೇಳುತ್ತದೆ ಎಂಬುದು ಆಶಯ. ಹಾಗಾಗಿ ಆಶಯವನ್ನು ಒಂದು ಪದದಲ್ಲಿ ಹೇಳಲಾಗದು. ಅದಕ್ಕೆ ಕರ್ತೃ, ಕ್ರಿಯಾಪದ ಇರುವ ಒಂದು ಪೂರ್ಣ ವಾಕ್ಯ ಬೇಕು. ‘ಇದರ ಮುಖ್ಯ ಆಶಯ ವಿಧಿ’ ಎಂದು ಬರೆದಾಗ ನೀವು ವಿಷಯವನ್ನು ಹೆಸರಿಸಿ ನಿಲ್ಲಿಸಿದ್ದೀರಿ. ವಿಧಿ ಏನು ಮಾಡುತ್ತದೆ, ಯಾರ ಕೈಯಿಂದ ಮಾಡಿಸುತ್ತದೆ, ನಾಟಕ ಅದನ್ನು ಎಲ್ಲಿ ತೋರಿಸುತ್ತದೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ.

ವಿಧಿಯನ್ನು ಆರಿಸಿಕೊಂಡದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಈ ನಾಟಕದಲ್ಲಿ ವಿಧಿಯನ್ನು ಹಿಡಿದು ಹೊರಟವರು ಬೇಗನೆ ಒಂದು ಗೋಡೆಗೆ ಬಂದು ನಿಲ್ಲುತ್ತಾರೆ. ತಂದೆಯ ಕೊಲೆಯೂ ತಾಯಿಯೊಡನೆ ಮದುವೆಯೂ ನಾಟಕ ಆರಂಭವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ನಡೆದುಹೋಗಿವೆ. ಪರದೆಯಿಲ್ಲದ ಆ ಬಯಲು ರಂಗದ ಮೇಲೆ ನಮ್ಮೆದುರು ನಡೆಯುವುದು ಒಂದೇ ದಿನದ ವಿಚಾರಣೆ. ಅಂದರೆ ದೈವವಾಣಿ ನುಡಿದದ್ದೆಲ್ಲ ಆಗಲೇ ಫಲಿಸಿದೆ. ಸೊಫೋಕ್ಲಿಸ್‌ಗೆ ಬೇಕಾದದ್ದು ಅದು ಬಯಲಾಗುವ ಬಗೆ. ಕಣ್ಣು ಚುಚ್ಚಿಕೊಂಡು ಹೊರಗೆ ಬಂದ ಈಡಿಪಸ್‌ನನ್ನು ಮೇಳ (ಊರ ಹಿರಿಯರ ಹಾಡುಗುಂಪು) ‘ಯಾವ ದೈವ ನಿನ್ನನ್ನು ಪ್ರಚೋದಿಸಿತು?’ ಎಂದು ಕೇಳಿದಾಗ ಅವನು ಕೊಡುವ ಉತ್ತರವನ್ನು ನೋಡಿ (ಸಾಲು 1329–1332): ಈ ನೋವುಗಳನ್ನು ತಂದವನು ದೈವವಾಣಿಯ ದೇವರು ಅಪೊಲೊ, ಆದರೆ ಕಣ್ಣಿಗೆ ಚುಚ್ಚಿದ ಕೈ ನನ್ನದೇ, ಬೇರೆ ಯಾರದೂ ಅಲ್ಲ. ದೈವದ ಪಾಲು ಎಷ್ಟು, ತನ್ನ ಪಾಲು ಎಷ್ಟು ಎಂದು ಅವನೇ ಗೆರೆ ಎಳೆಯುತ್ತಿದ್ದಾನೆ. ‘ವಿಧಿಯಿಂದ ತಪ್ಪಿಸಿಕೊಳ್ಳಲಾರರು’ ಎಂಬ ನಿಮ್ಮ ವಾಕ್ಯದಲ್ಲಿ ಈ ಗೆರೆಗೆ ಜಾಗವಿಲ್ಲ. ಇದಕ್ಕೆ ಎದುರಾಗಿ, ಅವನು ಕುರುಡನಾಗುತ್ತಾನೆಂದು ಕಣಿ ಹೇಳುವ ಟೈರೀಸಿಯಸ್ ಮುಂಚೆಯೇ ನುಡಿದಿದ್ದಾನಲ್ಲ (454) ಎಂದು ನೀವು ಕೇಳಬಹುದು. ಕೇಳಬೇಕು. ಹಾಗೆ ಕೇಳಿದ ಕ್ಷಣದಿಂದ ನೀವು ಕಥೆ ಹೇಳುವುದನ್ನು ಬಿಟ್ಟು ವಿಶ್ಲೇಷಣೆಗೆ ತೊಡಗಿದ್ದೀರಿ, ಏಕೆಂದರೆ ಈಗ ನಿಮ್ಮ ಬಳಿ ಒಂದಕ್ಕೊಂದು ಎದುರಾಗಿ ನಿಂತ ಎರಡು ಸಾಲುಗಳಿವೆ.

ಹಾಗಾದರೆ ಆಶಯವನ್ನು ಹುಡುಕುವುದು ಹೇಗೆ? ಹಲವು ದಾರಿಗಳಿವೆ, ನನಗೆ ಹೆಚ್ಚು ನಂಬಿಕೆ ಇರುವುದು ಒಂದರಲ್ಲಿ: ದೊಡ್ಡ ಪದಗಳನ್ನು ಬದಿಗಿಟ್ಟು, ನಾಟಕದಲ್ಲಿ ಮತ್ತೆ ಮತ್ತೆ ಬರುವ ಒಂದು ಸಣ್ಣ ಪದದ ಬೆನ್ನು ಹತ್ತುವುದು. ಕುರುಡು ಮತ್ತು ಕಣ್ಣಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕುರುಡ ಟೈರೀಸಿಯಸ್ ‘ಕಣ್ಣಿದ್ದೂ ನಿನಗೆ ನಿನ್ನ ಕೇಡು ಕಾಣುತ್ತಿಲ್ಲ’ (413) ಎನ್ನುವ ಮಾತು ಪ್ರತಿಯೊಂದು ಉತ್ತರ ಪತ್ರಿಕೆಯಲ್ಲೂ ಇರುತ್ತದೆ, ಓದಿ ಓದಿ ಅಧ್ಯಾಪಕರಿಗೂ ಸಾಕಾಗಿರುತ್ತದೆ. ಅದಕ್ಕಿಂತ ‘ಉಳಿಸು’ ಎಂಬ ಕ್ರಿಯಾಪದವನ್ನು ಹಿಡಿದು ನೋಡೋಣ. ನಾಟಕದ ಮೊದಲ ದೃಶ್ಯದಲ್ಲಿಯೇ ಪುರೋಹಿತನು ಈ ನಾಡು ಈಡಿಪಸ್‌ನನ್ನು ತನ್ನನ್ನು ಉಳಿಸಿದವನೆಂದು ಕರೆಯುತ್ತಿದೆ ಎನ್ನುತ್ತಾನೆ (48). ಸ್ಫಿಂಕ್ಸ್ ಎಂಬ ರಾಕ್ಷಸಿಯ ಒಗಟನ್ನು ಬಿಡಿಸಿ ಊರನ್ನು ಕಾಪಾಡಿದ ಕೀರ್ತಿ ಅವನದು. ಸಾವಿರ ಸಾಲುಗಳ ನಂತರ ಕೊರಿಂತ್‌ನಿಂದ ಬಂದ ಮುದುಕ (ಕುರಿಗಾಹಿಯಿಂದ ಮಗು ಈಡಿಪಸ್‌ನನ್ನು ಪಡೆದು ಒಯ್ದವನು), ಒಂದು ಕಾಲದಲ್ಲಿ ನಿನ್ನನ್ನು ಉಳಿಸಿದವನು ನಾನು, ಮಗನೇ ಎಂದು ಹೆಮ್ಮೆಪಡುತ್ತಾನೆ (1030). ಥೀಬ್ಸ್‌ನ ಕುರಿಗಾಹಿ ಅದೇ ಕ್ರಿಯಾಪದವನ್ನು ನಡುಗುತ್ತಾ ಆಡುತ್ತಾನೆ (1180). ಕೊನೆಗೆ ಕಣ್ಣು ಕಳೆದುಕೊಂಡ ಈಡಿಪಸ್, ತನ್ನ ಕಾಲಿನ ಕಟ್ಟು ಬಿಚ್ಚಿ ಸಾವಿನಿಂದ ತನ್ನನ್ನು ಉಳಿಸಿದವನು ಯಾರೇ ಆಗಿರಲಿ ಹಾಳಾಗಿ ಹೋಗಲಿ, ಅವನು ಮಾಡಿದ್ದು ಉಪಕಾರವಲ್ಲ ಎಂದು ಶಪಿಸುತ್ತಾನೆ (1349–1353). ಹೊಗಳಿಕೆಯಾಗಿ ಹೊರಟ ಪದ ಶಾಪವಾಗಿ ಮುಗಿಯುತ್ತದೆ. ಈ ನಾಲ್ಕು ಕಡೆಗಳನ್ನು ಒಂದು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದುಕೊಂಡರೆ, ಆಶಯದ ವಾಕ್ಯವನ್ನು ನೀವು ಕಷ್ಟಪಟ್ಟು ಹುಟ್ಟಿಸಬೇಕಾಗಿಲ್ಲ. ಅದು ಹಾಳೆಯ ಮೇಲೆಯೇ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ. ನಾವು ಓದುವುದು ಅನುವಾದಗಳನ್ನು, ಮೂಲ ಗ್ರೀಕ್ ಅನ್ನು ಅಲ್ಲ. ಒಬ್ಬ ಅನುವಾದಕರು ‘ಉಳಿಸಿದ’ ಎಂದದ್ದನ್ನು ಇನ್ನೊಬ್ಬರು ‘ಕಾಪಾಡಿದ’ ಎಂದೋ ‘ಬದುಕಿಸಿದ’ ಎಂದೋ ಮಾಡಿರಬಹುದು. ಒಂದು ಪದದ ಮೇಲೆ ವಾದವನ್ನು ನಿಲ್ಲಿಸುವ ಮೊದಲು ಎರಡು ಅನುವಾದಗಳನ್ನಾದರೂ ಪಕ್ಕದಲ್ಲಿಟ್ಟು ಆ ಪದ ಎರಡರಲ್ಲೂ ಒಂದೇ ಅರ್ಥಕ್ಕೆ ಬಂದಿದೆಯೇ ಎಂದು ನೋಡಿಕೊಳ್ಳಿ. ನಾನು ಇಲ್ಲಿ ಕೊಡುತ್ತಿರುವ ಸಾಲುಗಳೆಲ್ಲ ನನ್ನದೇ ಅರ್ಥಾನುವಾದ, ಆವರಣದಲ್ಲಿರುವ ಅಂಕಿಗಳು ಗ್ರೀಕ್ ಪಠ್ಯದ ಸಾಲಿನ ಸಂಖ್ಯೆಗಳು. ನಿಮ್ಮ ಅನುವಾದದಲ್ಲಿ ಸಾಲುಗಳಿಗೆ ಸಂಖ್ಯೆ ಇಲ್ಲದಿದ್ದರೆ ಪುಟ ಸಂಖ್ಯೆ ಸಾಕು.

ಈಗ ನಿಮ್ಮ ನಾಲ್ಕನೆಯ ವಾಕ್ಯ: ‘ಕುರಿಗಾಹಿ ಮಗುವನ್ನು ಕೊಲ್ಲದೆ ಬಿಟ್ಟಿದ್ದರಿಂದಲೇ ಇಷ್ಟೆಲ್ಲ ಆಯಿತು.’ ಇದನ್ನು ಬರೆದು ನೀವು ಮುಂದಕ್ಕೆ ಓಡಿದ್ದೀರಿ. ಅಲ್ಲಿ ಒಂದು ಕ್ಷಣ ನಿಂತು ‘ಏಕೆ ಬಿಟ್ಟ?’ ಎಂದು ಕೇಳಿದ್ದರೆ ನಿಮ್ಮ ಪ್ಯಾರಾ ಬೇರೆಯೇ ಆಗುತ್ತಿತ್ತು. ಆ ಪ್ರಶ್ನೆಯನ್ನು ನಾಟಕದಲ್ಲಿ ಈಡಿಪಸ್‌ನೇ ಕೇಳುತ್ತಾನೆ, ಮತ್ತು ಇಡೀ ವಿಚಾರಣೆಯಲ್ಲಿ ಅವನು ಕೇಳುವ ಕೊನೆಯ ಪ್ರಶ್ನೆ ಅದೇ. ಆ ದೃಶ್ಯವನ್ನು ಹತ್ತಿರದಿಂದ ನೋಡೋಣ.

ರಂಗದ ಮೇಲೆ ಮೂವರು: ಈಡಿಪಸ್, ಕೊರಿಂತ್‌ನ ಮುದುಕ, ಥೀಬ್ಸ್‌ನ ಮುದಿ ಕುರಿಗಾಹಿ. ಕೊರಿಂತ್‌ನವನು ಉತ್ಸಾಹದಲ್ಲಿದ್ದಾನೆ. ಸಿಥೆರಾನ್ ಬೆಟ್ಟದಲ್ಲಿ ಮೂರು ವರ್ಷ, ವರ್ಷಕ್ಕೆ ಆರು ತಿಂಗಳಂತೆ, ತಾವಿಬ್ಬರೂ ಒಟ್ಟಿಗೆ ಮಂದೆ ಮೇಯಿಸಿದ್ದನ್ನು ನೆನಪಿಸುತ್ತಾನೆ. ಆಗ ನನಗೊಂದು ಮಗುವನ್ನು ಕೊಟ್ಟೆಯಲ್ಲ, ಇಗೋ ಗೆಳೆಯ, ಆ ಮಗು ಇವನೇ ಎಂದು ದೊರೆಯನ್ನು ತೋರಿಸುತ್ತಾನೆ (1145). ಕುರಿಗಾಹಿಯ ಪ್ರತಿಕ್ರಿಯೆ ಸಿಡಿಲಿನಂತೆ ಬರುತ್ತದೆ: ನೀನು ಹಾಳಾಗ, ಬಾಯಿ ಮುಚ್ಚು! (1146). ಅವನಿಗೆ ಎಲ್ಲವೂ ಗೊತ್ತು, ಆದರೆ ಹೇಳಲು ಮನಸ್ಸಿಲ್ಲ. ಈಡಿಪಸ್ ಅವನ ಕೈಗಳನ್ನು ಹಿಂದಕ್ಕೆ ತಿರುಚಿಸಿ ಬಾಯಿ ಬಿಡಿಸುತ್ತಾನೆ. ಇಲ್ಲಿಂದ ಮಾತುಗಳು ಮೊಟಕಾಗುತ್ತಾ ಹೋಗುತ್ತವೆ, ಕೊನೆಕೊನೆಗೆ ಒಂದೇ ಸಾಲನ್ನು ಪ್ರಶ್ನೆಗೆ ಅರ್ಧ, ಉತ್ತರಕ್ಕೆ ಅರ್ಧ ಎಂದು ಇಬ್ಬರೂ ಹಂಚಿಕೊಳ್ಳುತ್ತಾರೆ. ಅವಳೇ ಕೊಟ್ಟಳೇ? ಹೌದು, ದೊರೆ. ಏತಕ್ಕೆ? ಕೊಲ್ಲಲು. ಹೆತ್ತವಳೇ? ಕೆಟ್ಟ ದೈವವಾಣಿಗೆ ಹೆದರಿ. ಮಾತಿನ ಈ ಮೊಟಕು ಲಯ ಮುರಿಯುವುದು ಒಂದೇ ಒಂದು ಉತ್ತರದಲ್ಲಿ. ಹಾಗಾದರೆ ನೀನು ಅದನ್ನು ಈ ಮುದುಕನಿಗೆ ಏಕೆ ಕೊಟ್ಟೆ ಎಂಬ ಪ್ರಶ್ನೆಗೆ ಕುರಿಗಾಹಿ ನಾಲ್ಕು ಸಾಲುಗಳಲ್ಲಿ ಉತ್ತರಿಸುತ್ತಾನೆ (1178–1181): ಕನಿಕರಪಟ್ಟು, ಒಡೆಯ, ಇವನು ಅದನ್ನು ತಾನು ಬಂದ ಬೇರೆ ನಾಡಿಗೆ ಒಯ್ಯುತ್ತಾನೆಂದುಕೊಂಡೆ, ಆದರೆ ಇವನು ಅದನ್ನು ಎಲ್ಲಕ್ಕಿಂತ ದೊಡ್ಡ ಕೇಡಿಗಾಗಿ ಉಳಿಸಿದ, ಇವನು ಹೇಳುವವನೇ ನೀನಾಗಿದ್ದರೆ, ತಿಳಿದುಕೋ, ನೀನು ಕೆಟ್ಟ ಹಣೆಬರಹ ಹೊತ್ತು ಹುಟ್ಟಿದವನು.

ಈ ನಾಲ್ಕು ಸಾಲುಗಳಲ್ಲಿ ಮೊದಲ ಪದ ಕನಿಕರ, ಕೊನೆಯ ಮಾತು ಹಣೆಬರಹ. ನೀವು ಹಿಡಿದ ವಿಧಿ ಇಲ್ಲಿಯೂ ಇದೆ ಎಂಬುದನ್ನು ಗಮನಿಸಿ. ಆದರೆ ಅದು ಒಬ್ಬ ಆಳಿನ ಮೆದು ಮನಸ್ಸಿನ ಮೂಲಕ ಹಾದು ಬಂದಿದೆ. ಮಗುವಿನ ಕಣಕಾಲುಗಳನ್ನು ಚುಚ್ಚಿ ಬಿಗಿಸಿದ ತಂದೆಯ ಕ್ರೌರ್ಯ ಯಶಸ್ವಿಯಾಗಿದ್ದರೆ ದೈವವಾಣಿ ಸುಳ್ಳಾಗುತ್ತಿತ್ತು. ಅದನ್ನು ನಿಜ ಮಾಡಿದ್ದು ಈ ನಾಟಕದಲ್ಲಿ ಎಲ್ಲರಿಗಿಂತ ಕಡಿಮೆ ಅಧಿಕಾರವಿರುವ ಒಬ್ಬ ಮನುಷ್ಯನ ಒಳ್ಳೆಯತನ. ಇದನ್ನು ಕಂಡ ಮೇಲೆ ‘ವಿಧಿಯಿಂದ ತಪ್ಪಿಸಿಕೊಳ್ಳಲಾರರು’ ಎಂದು ಬರೆಯಲು ಕೈ ಏಳುವುದಿಲ್ಲ, ಏಕೆಂದರೆ ಹೇಳಬೇಕಾದದ್ದು ಅದಕ್ಕಿಂತ ಕಹಿಯಾಗಿದೆ.

ಈ ಸಾಮಗ್ರಿಯಿಂದ ನಾನು ಕಟ್ಟುವ ಪ್ಯಾರಾ ಹೀಗಿರುತ್ತದೆ:

“‘ದೊರೆ ಈಡಿಪಸ್’ ನಾಟಕದಲ್ಲಿ ಉಳಿಸಬೇಕೆಂಬ ಕನಿಕರವೇ ಉಳಿದವನನ್ನು ನಾಶಕ್ಕೆ ಒಯ್ಯುತ್ತದೆ. ಈಡಿಪಸ್ ಮಾತ್ರ ತನ್ನ ಕೇಡಿನ ಮೂಲವನ್ನು ಹಗೆತನದಲ್ಲಿ ಹುಡುಕುತ್ತಾನೆ. ಟೈರೀಸಿಯಸ್ ಮತ್ತು ರಾಣಿಯ ಸೋದರ ಕ್ರಿಯಾನ್ ಕೂಡಿ ತನ್ನ ವಿರುದ್ಧ ಸಂಚು ಹೂಡಿದ್ದಾರೆಂದು ಆರೋಪಿಸುತ್ತಾನೆ. ಆದರೆ ಅವನ ವಿಚಾರಣೆ ಕೊನೆಗೆ ಬಂದು ನಿಲ್ಲುವುದು ಅವನ ಬಗ್ಗೆ ಯಾವ ಹಗೆಯೂ ಇಲ್ಲದ ಒಬ್ಬ ಮುದಿ ಕುರಿಗಾಹಿಯ ಮುಂದೆ. ಕೊಲ್ಲಲೆಂದು ಕೊಟ್ಟ ಮಗುವನ್ನು ಬೇರೊಬ್ಬನಿಗೆ ಏಕೆ ಕೊಟ್ಟೆ ಎಂದು ಕೇಳಿದಾಗ ಕುರಿಗಾಹಿ ‘ಕನಿಕರಪಟ್ಟು, ಒಡೆಯ’ (1178) ಎಂದು ಆರಂಭಿಸಿ, ಆದರೆ ಅದನ್ನು ಒಯ್ದವನು ‘ಎಲ್ಲಕ್ಕಿಂತ ದೊಡ್ಡ ಕೇಡಿಗಾಗಿ ಉಳಿಸಿದ’ (1180) ಎನ್ನುತ್ತಾನೆ. ಕನಿಕರ ಮತ್ತು ಕೇಡು ಒಂದೇ ಉಸಿರಿನಲ್ಲಿ ಬರುತ್ತವೆ, ಎರಡನ್ನೂ ಕೂಡಿಸುವ ಕ್ರಿಯಾಪದ ‘ಉಳಿಸು’. ಅದೇ ಮಾತನ್ನು ಕೊರಿಂತ್‌ನ ಮುದುಕ ಸ್ವಲ್ಪ ಮುಂಚೆ ಹೆಮ್ಮೆಯಿಂದ ಆಡಿದ್ದ (1030), ಈಡಿಪಸ್ ಇನ್ನು ಸ್ವಲ್ಪ ಹೊತ್ತಿಗೆ ಶಾಪವಾಗಿ ಆಡಲಿದ್ದಾನೆ (1349–1353). ಎಷ್ಟೋ ವರ್ಷ ಹಿಂದೆ ಬೆಟ್ಟದಲ್ಲಿ ನಡೆದ ಈ ಕನಿಕರದ ಕೆಲಸವನ್ನು ಸೊಫೋಕ್ಲಿಸ್ ವಿಚಾರಣೆಯ ಕೊನೆಯ ಉತ್ತರವಾಗಿ ಇಟ್ಟಿದ್ದಾನೆ. ಹಾಗಾಗಿ ಅಪರಾಧಿಯನ್ನು ಹುಡುಕುತ್ತಾ ಬಂದ ಪ್ರೇಕ್ಷಕರ ಕೈಗೆ ಕಟ್ಟಕಡೆಗೆ ಸಿಗುವುದು ಒಂದು ಒಳ್ಳೆಯ ಕೆಲಸ. ದೈವವಾಣಿ ಫಲಿಸಲು ಕೆಟ್ಟವರು ಬೇಕಾಗಲಿಲ್ಲ ಎಂಬುದೇ ಈ ನಾಟಕದ ಭಯದ ಮೂಲ.”

ಇದು ಏಕೈಕ ಮಾದರಿಯೇನಲ್ಲ, ಅತ್ಯುತ್ತಮವೂ ಇರಲಾರದು. ಆದರೆ ಇದರಲ್ಲಿ ಕೆಲಸ ಎಲ್ಲಿ ನಡೆದಿದೆ ಎಂಬುದನ್ನು ನೋಡಿ. ಮೊದಲ ವಾಕ್ಯವನ್ನು ಒಪ್ಪದಿರಲು ಸಾಧ್ಯವಿದೆ. ‘ಇಲ್ಲ, ನಾಶಕ್ಕೆ ಕಾರಣ ಈಡಿಪಸ್‌ನ ಹಟ’ ಎಂದು ಇನ್ನೊಬ್ಬರು ವಾದಿಸಬಹುದು, ಅವರಿಗೂ ನಾಟಕದಲ್ಲಿ ಸಾಲುಗಳು ಸಿಗುತ್ತವೆ. ಆ ಸಾಧ್ಯತೆ ಇರುವುದರಿಂದಲೇ ಮುಂದಿನ ವಾಕ್ಯಗಳಿಗೆ ಕೆಲಸ ಹುಟ್ಟಿದೆ. ಎರಡನೆಯ ವಾಕ್ಯ ಕಥೆಯ ಒಂದು ಭಾಗವನ್ನು ಹೇಳುತ್ತದೆ, ಆದರೆ ವಾದಕ್ಕೆ ಬೇಕಾದಷ್ಟನ್ನು ಮಾತ್ರ. ಪಿಡುಗು, ಸ್ಫಿಂಕ್ಸ್, ಮದುವೆ ಯಾವುದೂ ಇಲ್ಲಿಲ್ಲ. ನಿಮ್ಮ ಓದುಗರಾದ ಅಧ್ಯಾಪಕರು ನಾಟಕವನ್ನು ಓದಿದ್ದಾರೆ, ಅವರಿಗೆ ಮತ್ತೆ ಕಥೆ ಹೇಳುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವಿಚಿದಂತೆ. ಉಲ್ಲೇಖಗಳು ಚಿಕ್ಕವಾಗಿವೆ, ಒಂದು ಎರಡು ಪದದ್ದು, ಇನ್ನೊಂದು ನಾಲ್ಕು ಪದದ್ದು. ನಾಲ್ಕೂ ಸಾಲುಗಳನ್ನು ಹಾಗೆಯೇ ಇಳಿಸಿದ್ದರೆ ಯಾವ ಪದವನ್ನು ನೋಡಬೇಕೆಂದು ಓದುಗರಿಗೆ ತಿಳಿಯುತ್ತಿರಲಿಲ್ಲ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಉಲ್ಲೇಖದ ನಂತರದ ವಾಕ್ಯವನ್ನು. ಸಾಲನ್ನು ಎತ್ತಿ ಇಟ್ಟು ‘ಇದರಿಂದ ಆಶಯ ಸ್ಪಷ್ಟವಾಗುತ್ತದೆ’ ಎಂದು ಬರೆದು ಮುಂದೆ ಹೋಗುತ್ತಾರೆ. ಏನು ಸ್ಪಷ್ಟವಾಯಿತು, ಯಾವ ಪದದಿಂದ, ಅದು ಅಲ್ಲಿಯೇ ಏಕೆ ಬಂತು ಎಂದು ಹೇಳದೆ ಇದ್ದರೆ ಉಲ್ಲೇಖ ಬರಿಯ ಅಲಂಕಾರವಾಗಿ ಉಳಿಯುತ್ತದೆ. ಮೇಲಿನ ಪ್ಯಾರಾದಲ್ಲಿ ‘ಕನಿಕರ ಮತ್ತು ಕೇಡು ಒಂದೇ ಉಸಿರಿನಲ್ಲಿ ಬರುತ್ತವೆ’ ಎಂಬಲ್ಲಿಂದ ‘ಒಂದು ಒಳ್ಳೆಯ ಕೆಲಸ’ ಎಂಬವರೆಗಿನ ನಾಲ್ಕು ವಾಕ್ಯಗಳನ್ನು ತೆಗೆದು ಓದಿ ನೋಡಿ. ಉಳಿದದ್ದು ಮತ್ತೆ ಕಥೆಯೇ ಆಗುತ್ತದೆ. ಹಾಗೆಯೇ, ಇದು ನಾಟಕ ಎಂಬುದನ್ನು ಮರೆಯಬಾರದು. ಯಾವ ಮಾಹಿತಿ ಯಾವ ಹೊತ್ತಿನಲ್ಲಿ ಯಾರ ಬಾಯಿಂದ ಹೊರಬೀಳುತ್ತದೆ ಎಂಬುದು ನಾಟಕಕಾರನ ಆಯ್ಕೆ, ಆ ಆಯ್ಕೆಯೂ ಪದದಷ್ಟೇ ಗಟ್ಟಿ ಆಧಾರ. ಕನಿಕರದ ಸಂಗತಿಯನ್ನು ಮೊದಲ ದೃಶ್ಯದಲ್ಲೇ ಹೇಳಿಬಿಟ್ಟಿದ್ದರೆ ಅದೇ ಕಥೆ ಬೇರೊಂದು ನಾಟಕವಾಗುತ್ತಿತ್ತು.

ನನ್ನ ಪ್ಯಾರಾದ ದುರ್ಬಲ ಜಾಗಗಳನ್ನೂ ತೋರಿಸುತ್ತೇನೆ, ಏಕೆಂದರೆ ನಿಮ್ಮ ಪ್ಯಾರಾವನ್ನೂ ನೀವು ಹೀಗೆಯೇ ಪರೀಕ್ಷಿಸಬೇಕಾಗುತ್ತದೆ. ಕೊರಿಂತ್‌ನ ಮುದುಕನ ಉಪಕಾರ ಅಪ್ಪಟವಲ್ಲ. ನೀನು ದೊರೆಯಾಗಿ ಮನೆಗೆ ಮರಳಿದರೆ ನನಗೂ ಒಳ್ಳೆಯದಾದೀತೆಂದು ಬಂದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ (1005–1006). ಆದ್ದರಿಂದ ಅವನನ್ನು ಕನಿಕರದ ಉದಾಹರಣೆಯಾಗಿ ಎಳೆದು ತರದೆ, ಅವನ ಹೆಮ್ಮೆಯನ್ನು ಮಾತ್ರ ಬಳಸಿಕೊಂಡಿದ್ದೇನೆ. ಈಡಿಪಸ್‌ನ ಶಾಪ ನೇರವಾಗಿ ತಗಲುವುದು ಕಾಲಿನ ಕಟ್ಟು ಬಿಚ್ಚಿದ ಈ ಕೊರಿಂತ್‌ನವನಿಗೆ, ಕುರಿಗಾಹಿಗಲ್ಲ. ಇದನ್ನು ಹಿಡಿದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವಾದ ಆಕ್ಷೇಪ. ಇನ್ನು ಟೈರೀಸಿಯಸ್. ಅವನು ಮೊದಲು ಬಾಯಿ ಬಿಡಲು ಒಪ್ಪುವುದಿಲ್ಲ, ನನ್ನನ್ನು ಮನೆಗೆ ಕಳಿಸು, ಇಬ್ಬರಿಗೂ ಅದೇ ಹಗುರ ಎನ್ನುತ್ತಾನೆ. ಆಮೇಲೆ ಕೋಪದಲ್ಲಿ ಎಲ್ಲವನ್ನೂ ಹೇಳಿಬಿಡುತ್ತಾನೆ. ಅಲ್ಲಿ ಸತ್ಯವನ್ನು ಹೊರಗೆಳೆದದ್ದು ಕನಿಕರವಲ್ಲ, ಜಗಳ. ಅಂದರೆ ನನ್ನ ವಾದ ನಾಟಕದ ಪ್ರತಿಯೊಂದು ದೃಶ್ಯಕ್ಕೂ ಒಪ್ಪುವುದಿಲ್ಲ. ಒಂದು ಪ್ಯಾರಾಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ‘ನಾಟಕದ ಉದ್ದಕ್ಕೂ’, ‘ಎಲ್ಲ ಪಾತ್ರಗಳೂ’ ಎಂಬಂಥ ಪದಗಳನ್ನು ನಾನು ಬೇಕೆಂದೇ ದೂರವಿಟ್ಟಿದ್ದೇನೆ. ಸಣ್ಣ ವಾದವನ್ನು ದೊಡ್ಡ ಪದಗಳಿಂದ ಹಿಗ್ಗಿಸಿದರೆ ಅದು ಅಲ್ಲಿಯೇ ಹರಿಯುತ್ತದೆ.

ಇನ್ನೆರಡು ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದುರಂತ ನಾಟಕ ಎಂದ ಕೂಡಲೇ ನಾಯಕನ ‘ದುರಂತ ದೋಷ’ವನ್ನು ಹುಡುಕಿ ಅದನ್ನೇ ಆಶಯವೆಂದು ಬರೆಯುವ ಅಭ್ಯಾಸ ಬಹಳ ಹರಡಿದೆ: ಈಡಿಪಸ್‌ನ ದೋಷ ಅಹಂಕಾರ, ಆದ್ದರಿಂದ ಆಶಯ ಅಹಂಕಾರದ ಕೇಡು. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಬಳಸಿದ ‘ಹಮಾರ್ತಿಯಾ’ ಎಂಬ ಪದದ ಮೂಲದಲ್ಲಿ ಇರುವುದು ಗುರಿ ತಪ್ಪುವ ಭಾವ; ಸ್ವಭಾವದ ಕೆಡುಕಿಗಿಂತ ತಿಳಿಯದೆ ಮಾಡಿದ ತಪ್ಪಿಗೆ ಅದು ಹತ್ತಿರ. ಅಹಂಕಾರದ ಬಗ್ಗೆ ನೀವು ಬರೆಯಬಾರದೆಂದಿಲ್ಲ, ಆದರೆ ಆ ಪದ ನಾಟಕದೊಳಗಿಂದ ನಿಮಗೆ ಸಿಕ್ಕಿರಬೇಕು, ಹೊರಗಿನ ಅಚ್ಚಿನಿಂದಲ್ಲ. ಎರಡನೆಯದು ನಾಟಕದ ಕೊನೆಯ ಏಳು ಸಾಲುಗಳು (1524–1530). ಬದುಕಿನ ಗಡಿಯನ್ನು ನೋವಿಲ್ಲದೆ ದಾಟುವವರೆಗೆ ಯಾರನ್ನೂ ಸುಖಿ ಎನ್ನಬೇಡಿ ಎಂಬ ಆ ಮಾತು ನೀತಿಯಂತೆ ಕೇಳಿಸುವುದರಿಂದ, ಅದನ್ನು ಎತ್ತಿ ಪ್ಯಾರಾದ ಕೊನೆಗೆ ಇಟ್ಟು ‘ಇದೇ ಆಶಯ’ ಎನ್ನುವವರು ಬಹಳ. ಆ ಸಾಲುಗಳು ಸೊಫೋಕ್ಲಿಸ್ ಬರೆದವೇ ಎಂಬ ಬಗ್ಗೆಯೇ ಹಲವು ವಿದ್ವಾಂಸರಿಗೆ ಅನುಮಾನವಿದೆ. ಅನುಮಾನವಿಲ್ಲದಿದ್ದರೂ, ಒಂದು ಪಾತ್ರವೋ ಮೇಳವೋ ಆಡಿದ ಮಾತು ಇಡೀ ನಾಟಕದ ಮಾತಾಗುವುದಿಲ್ಲ.

ಈಗ ನಿಮ್ಮ ಕೆಲಸ. ನಾನು ಕಟ್ಟಿದ ಪ್ಯಾರಾವನ್ನೇ ತಿದ್ದಿ ಬರೆದುಕೊಟ್ಟರೆ ನಿಮ್ಮ ಅಧ್ಯಾಪಕರಿಗೆ ಅದು ನಿಮ್ಮದಲ್ಲವೆಂದು ಮೊದಲ ವಾಕ್ಯದಲ್ಲೇ ತಿಳಿಯುತ್ತದೆ, ಆದ್ದರಿಂದ ಕುರಿಗಾಹಿಯನ್ನು ನನಗೆ ಬಿಟ್ಟು ನೀವು ಈಡಿಪಸ್‌ನ ತಾಯಿಯೂ ಹೆಂಡತಿಯೂ ಆದ ಜೊಕಾಸ್ಟಳನ್ನು ತೆಗೆದುಕೊಳ್ಳಿ. ದೈವವಾಣಿಗಳಿಗೆ ಬೆಲೆಯಿಲ್ಲ ಎಂದು ಗಂಡನನ್ನು ಸಮಾಧಾನಪಡಿಸಲು ಅವಳು ಲಾಯಸ್‌ನ ಸಾವಿನ ಕಥೆ ಹೇಳುತ್ತಾಳೆ. ಮೂರು ದಾರಿ ಕೂಡುವಲ್ಲಿ ಕಳ್ಳರು ಅವನನ್ನು ಕೊಂದರಂತೆ ಎಂದು ಹಾದಿಯಲ್ಲಿ ಹೋಗುವ ಮಾತಿನಂತೆ ಸೇರಿಸುತ್ತಾಳೆ (716). ಈಡಿಪಸ್‌ಗೆ ಮೊದಲ ಬಾರಿ ಎದೆ ನಡುಗುವುದು ಆ ಮಾತಿಗೆ. ಅದಾದ ಮೇಲೆ ಅವನು ಹಿಡಿದುಕೊಳ್ಳುವ ಒಂದೇ ಆಸರೆ ‘ಕಳ್ಳರು’ ಎಂಬ ಬಹುವಚನ: ಒಬ್ಬನು ಹಲವರಿಗೆ ಸಮನಾಗಲಾರ (845). ಕೊನೆಯಲ್ಲಿ ಎಲ್ಲವನ್ನೂ ಅವನಿಗಿಂತ ಮೊದಲೇ ಅರಿತ ಅವಳು, ನತದೃಷ್ಟ, ನೀನು ಯಾರೆಂದು ನಿನಗೆ ಎಂದಿಗೂ ತಿಳಿಯದಿರಲಿ (1068) ಎಂದು ಹೇಳಿ ಒಳಗೆ ಹೋಗುತ್ತಾಳೆ. ಈ ಮೂರು ಸಾಲುಗಳನ್ನು ಬರೆದಿಟ್ಟುಕೊಂಡು, ಸಮಾಧಾನ ಹೇಳಲು ಹೊರಟ ಮಾತು ಮೊದಲನೆಯದರಲ್ಲಿ ಏನು ಮಾಡುತ್ತದೆ, ಕೊನೆಯದರಲ್ಲಿ ಏನನ್ನು ಬೇಡಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. ‘ಜಗತ್ಪ್ರಸಿದ್ಧ’ ಎಂದು ಶುರುವಾಗುವ ನಿಮ್ಮ ಮೊದಲ ವಾಕ್ಯವನ್ನು ಹೊಡೆದು ಹಾಕಿ, ಅದರ ಜಾಗದಲ್ಲಿ ಈ ವಾಕ್ಯವನ್ನು ಇಡಿ.